ಹಳದಿ ದೀಪವೂ ಡಿಶ್‌ವಾಷರ್ ಕಥೆಯೂ

ಈ ವ್ಯಾನಿನ ಬಾನೆಟ್ಟಿನೊಳಕ್ಕೆ ಎಡ್ಡಿಯ ಕೈ ಹೋಗಕೂಡದು ಎಂದು ಚೆಟ್ ವೊಯ್ಟಾಸ್ ಅಡುಗೆಮನೆಯಲ್ಲಿ ನಿಂತು ಘೋಷಿಸಿದಾಗ ಅವನ ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದರಲ್ಲಿ ಕಾಫಿ ಲೋಟವಿತ್ತು. ಕೋಟೆ ಕಾಯಲು ಹೊರಟ ಸೇನಾಪತಿಗಳು ನಿಲ್ಲುವುದೂ ಹೀಗೆಯೇ, ಕಾಫಿ ಒಂದನ್ನು ಬಿಟ್ಟು.

ಎಡ್ಡಿ ಎಂದರೆ ಚೆಟ್‌ನ ಹೆಂಡತಿ ಬರ್ನಡೀನಳ ತಮ್ಮ. ಕ್ಲೀವ್‌ಲ್ಯಾಂಡ್ ಪಕ್ಕದ ಪಾರ್ಮಾದಲ್ಲಿ, ಇವರ ಮನೆಯಿಂದ ಎರಡು ಬೀದಿಯಾಚೆ, ಸೈಲೆನ್ಸರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅದು ಹೊಟ್ಟೆಪಾಡಿಗೆ. ಅವನ ನಿಜವಾದ ಕಸುಬು ಕಥೆ ಹೇಳುವುದು, ಅವನಲ್ಲಿರುವುದು ಒಂದೇ ಕಥೆ. ಚೆಟ್ ಒಮ್ಮೆ ಡಿಶ್‌ವಾಷರ್ ರಿಪೇರಿ ಮಾಡಿದ್ದು, ಅದು ನೊರೆ ಕಕ್ಕಿ ನೆಲಮಾಳಿಗೆ ತುಂಬಿಸಿದ್ದು, ಚೆಟ್ ಹಿಮ ತೆಗೆಯುವ ಸಲಿಕೆಯಿಂದ ಆ ನೊರೆಯನ್ನು ಹಿತ್ತಲಿಗೆ ಎತ್ತಿಹಾಕಿದ್ದು. ಪ್ರತಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತು, ಬೇಯಿಸಿದ ಟರ್ಕಿ ಕೋಳಿಯನ್ನು ತುಂಡು ಮಾಡಿ, ಅತ್ತೆ ಮಾಡಿದ ಪಿರೋಗಿ ಕಡುಬು ಬಡಿಸಿದ ಮೇಲೆ, ಎಡ್ಡಿ ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಾನೆ. ವರ್ಷ ಕಳೆದಂತೆ ನೊರೆ ಒಂದೊಂದೇ ಮೆಟ್ಟಿಲು ಏರುತ್ತ ಬಂದಿದೆ. ಹೋದ ವರ್ಷ ಅದು ಬೆಕ್ಕನ್ನು ಮುಳುಗಿಸಿತು. ಆ ಮನೆಯಲ್ಲಿ ಯಾವತ್ತೂ ಬೆಕ್ಕಿರಲಿಲ್ಲ.

ಈಗ ಬರ್ನಡೀನಳ ಮಿನಿವ್ಯಾನಿನಲ್ಲಿ, ಸ್ಟೀರಿಂಗಿನ ಹಿಂದೆ, ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತ್ತು. ಆ ದೀಪ ಹತ್ತಿದ ಗಾಡಿ ಹೊಗೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಪಾಸಾಗದೆ ನೋಂದಣಿ ಮುಂದುವರಿಯುವುದಿಲ್ಲ. ನೋಂದಣಿ ಮುಗಿಯುವುದು ಗಾಡಿಯ ಒಡೆಯರ ಹುಟ್ಟುಹಬ್ಬದ ದಿನ, ಬರ್ನಡೀನ್ ಹುಟ್ಟಿದ್ದು ಥ್ಯಾಂಕ್ಸ್‌ಗಿವಿಂಗ್‌ಗೆ ಸ್ವಲ್ಪ ಮುಂಚೆ. ಬಿಡಿಭಾಗದ ಅಂಗಡಿಯವನು ಗಾಡಿಗೆ ತನ್ನ ಯಂತ್ರ ಸಿಕ್ಕಿಸಿ ನೋಡಿ, ಇಂಜಿನ್ನಿನ ಒಂದನೇ ಬ್ಯಾಂಕಿನ ಆಕ್ಸಿಜನ್ ಸೆನ್ಸರಿನದು ತಕರಾರು ಅಂದ. ಹೊಗೆಕೊಳವೆಗೆ ತಿರುಪಿ ಕೂರಿಸಿರುವ ಬೆರಳುದ್ದದ ವಸ್ತು ಅದು. ಇಂಜಿನ್ ಬಿಟ್ಟ ಉಸಿರನ್ನು ಮೂಸಿ ಕಂಪ್ಯೂಟರಿಗೆ ಚಾಡಿ ಹೇಳುವುದು ಅದರ ಉದ್ಯೋಗ.

ಸೆನ್ಸರ್ ಕೊಳ್ಳುವ ಮೊದಲು ಅದರ ವೈರು ನೋಡಲಿ ಎಂದು ಎಡ್ಡಿ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದ. ಹೇಳಿದವನು ಎಡ್ಡಿ ಎಂಬ ಒಂದೇ ಕಾರಣಕ್ಕೆ ಚೆಟ್ ವೈರು ನೋಡಲಿಲ್ಲ.

"ನಾನೇ ಸರಿಮಾಡಿದ್ರೆ ಏನು ಕೊಡ್ತೀಯ?" ಎಂದು ಹೆಂಡತಿಯನ್ನು ಕೇಳಿದ.

"ನಿನಗೇನು ಬೇಕು?"

"ಡಿಶ್‌ವಾಷರ್ ಕಥೆ. ಅದು ಇನ್ನು ಈ ಮನೇಲಿ ಕೇಳಿಸಬಾರದು."

ಬರ್ನಡೀನ್ ಆಲೂಗಡ್ಡೆ ಸಿಪ್ಪೆ ಹೆರೆಯುವುದನ್ನು ನಿಲ್ಲಿಸದೆಯೇ ಯೋಚಿಸಿದಳು. "ದೀಪ ಆರಿ, ತಪಾಸಣೆ ಪಾಸಾಗಿ, ಎಡ್ಡಿ ಕೈ ಹಚ್ಚದೇ ಇದ್ರೆ, ಆ ಕಥೆ ಅವನ ಬಾಯಿಂದ ಬರದ ಹಾಗೆ ನಾನು ನೋಡ್ಕೋತೀನಿ. ಮಾತು ಅಂದ್ರೆ ಮಾತು. ಅಂದ ಹಾಗೆ, ಗ್ಯಾರೇಜಿಗೆ ಹೋಗ್ತಿದೀಯಲ್ಲ, ಆ ಹಕ್ಕಿ ಕಾಳಿನ ಮೂಟೆ ತಗೊಂಡು ಡಬ್ಬಕ್ಕೆ ಸುರಿದುಬಿಡು."

ಈ ಮಾತನ್ನು ಅವಳು ಬೇಸಿಗೆಯಿಂದ ಹೇಳುತ್ತಿದ್ದಳು. ಚೆಟ್ ಹಿತ್ತಲಿನ ಹಕ್ಕಿಗಳ ಅನ್ನದಾತ. ಅವುಗಳಿಗೆಂದು ತಂದ ಸೂರ್ಯಕಾಂತಿ ಬೀಜದ ಮೂಟೆ ಗ್ಯಾರೇಜಿನಲ್ಲಿ, ವ್ಯಾನಿನ ಮುಂದಿನ ಚಕ್ರಕ್ಕೆ ಒರಗಿಕೊಂಡು, ಬಾಯಿ ತೆರೆದು ಕೂತಿತ್ತು. ಮುಚ್ಚಳವಿದ್ದ ತಗಡಿನ ಡಬ್ಬ ಅದರ ಪಕ್ಕದಲ್ಲೇ ಇತ್ತು. ದೊಡ್ಡ ಕೆಲಸ ಮುಂದಿರುವಾಗ ಚಿಲ್ಲರೆ ಕೆಲಸಕ್ಕೆ ಕೈ ಹಾಕುವವನಲ್ಲ ಚೆಟ್.

ಶನಿವಾರ ಬೆಳಿಗ್ಗೆ ವ್ಯಾನನ್ನು ಮನೆಯ ಮುಂದಕ್ಕೆ ತಂದು ಬಾನೆಟ್ ಎತ್ತಿದ. ಇಂಜಿನ್ನಿಗೆ ಎರಡು ಬ್ಯಾಂಕು, ಅಂದರೆ ಸಿಲಿಂಡರುಗಳ ಎರಡು ಸಾಲು. ಒಂದು ಮುಂದೆ, ಕಣ್ಣೆದುರಿಗೆ. ಇನ್ನೊಂದು ಹಿಂದೆ, ಮನುಷ್ಯನ ಕೈ ಹೋಗದ ಸಂದಿಯಲ್ಲಿ. ಒಂದನೆಯದು ಯಾವುದು? ಮುಂದಿರುವುದೇ ಒಂದನೆಯದು, ಇದನ್ನು ಕೇಳಲು ಪುಸ್ತಕ ಬೇರೆ ತೆರೆಯಬೇಕೇ? ಮುಂದಿನ ಸೆನ್ಸರ್ ಬೆಣ್ಣೆಯಿಂದ ಎಳೆದ ಕೂದಲಿನಂತೆ ಬಂತು. ಹೊಸದು ಕೂತಿತು. ಕೀಲಿ ತಿರುಗಿಸಿದ. ಹಳದಿ ದೀಪ ಅಲ್ಲೇ ಇತ್ತು.

ಆಮೇಲೆ ಪುಸ್ತಕ ತೆರೆದ. ಕಂಪನಿಯವರು ಹಿಂದಿನದನ್ನು ಒಂದನೆಯದು ಎಂದು ಕರೆದಿದ್ದರು. ಇವರಿಗೆ ಎಣಿಸಲು ಬರುವುದಿಲ್ಲ ಎಂದು ಚೆಟ್ ತೀರ್ಮಾನಿಸಿ, ಯಾವುದಕ್ಕೂ ಇರಲೆಂದು ಗಾಡಿಯಲ್ಲಿದ್ದ ಅಷ್ಟೂ ಸೆನ್ಸರುಗಳಿಗೆ ಹೊಸ ಬದಲಿ ತಂದ.

ಪಾರ್ಮಾದಲ್ಲಿ ಮನೆಯ ಮುಂದೆ ಬಾನೆಟ್ ಎತ್ತಿ ನಿಲ್ಲಿಸಿದರೆ ಬೀದಿಯ ಗಂಡಸರೆಲ್ಲ ಬರುತ್ತಾರೆ. ಕರೆಯಬೇಕಿಲ್ಲ. ಜಾಕೆಟ್ಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಸುತ್ತ ನಿಂತು, ಇಂಜಿನ್ನನ್ನು ಬಗ್ಗಿ ನೋಡಿ, ಶವದ ಮುಂದೆ ಆಡಿಸುವಂತೆ ತಲೆಯಾಡಿಸುತ್ತಾರೆ. ಸಲಹೆ ಕೊಡದೆ ಹೋಗುವಂತಿಲ್ಲ, ಕೈ ಜೇಬಿನಿಂದ ತೆಗೆಯುವಂತಿಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಿಂದು ತುಕ್ಕು ಹಿಡಿದು ಹಿಂದಿನ ಸೆನ್ಸರ್ ಕೊಳವೆಗೆ ಕಚ್ಚಿಕೊಂಡು ಕೂತಿತ್ತು. ಎಣ್ಣೆ ಬಿಡು ಅಂದರು. ಬಿಟ್ಟ. ಬಿಸಿ ಮಾಡು ಅಂದರು. ಇಂಜಿನ್ ಚಾಲೂ ಮಾಡಿದ. ಬಿಟ್ಟ ಎಣ್ಣೆ ಬಿಸಿ ಕೊಳವೆಯ ಮೇಲೆ ಸುಟ್ಟು ಬಿಳಿ ಹೊಗೆ ಎದ್ದು, ಬೀದಿಯ ಆ ಬದಿಯ ಮನೆಗಳೆಲ್ಲ ಕಾಣದಾದವು. ಹೀಗೆ ಕಾಣದಾದ ಮನೆಯೊಂದರಿಂದ ಮುದುಕಿಯೊಬ್ಬಳು ಅಗ್ನಿಶಾಮಕಕ್ಕೆ ಫೋನು ಮಾಡಿದಳು.

ಕೆಂಪು ಗಾಡಿ ಗಂಟೆ ಹೊಡೆಯುತ್ತ ಬಂತು. ಅಗ್ನಿಶಾಮಕದವರು ಇಳಿದು, ಬೆಂಕಿಯಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹೊರಟುಹೋಗಬೇಕಾಗಿದ್ದ ಅವರೂ ಜೇಬಿಗೆ ಕೈ ಹಾಕಿಕೊಂಡು ನಿಂತರು. ಸ್ಪ್ಯಾನರಿನ ಹಿಡಿ ಉದ್ದ ಸಾಲದು, ಅದಕ್ಕೆ ಪೈಪು ತೊಡಿಸಬೇಕು ಎಂದವನು ಅವರಲ್ಲಿ ಹಿರಿಯ. ಪಕ್ಕದ ಮನೆಯವನು ತನ್ನ ಬೇಲಿಯ ಪೈಪನ್ನೇ ಕಿತ್ತು ತಂದ.

ಚೆಟ್ ಗಾಡಿಯ ಕೆಳಗೆ ಅಂಗಾತ ಮಲಗಿ ಪೈಪಿಗೆ ಜೋತುಬಿದ್ದ. ಎಳೆದಾಗಲೆಲ್ಲ ಮೇಲಿನಿಂದ ಏನೋ ಪಟಪಟ ಉದುರಿ ಮುಖಕ್ಕೆ, ತಲೆಗೆ, ಬಾಯಿಗೆ ಬೀಳುತ್ತಿತ್ತು. ತುಕ್ಕು ಎಂದು ಉಗಿಯುತ್ತಲೇ ಕೆಳಗಿನಿಂದ ವರದಿ ಕೊಟ್ಟ. ತುಕ್ಕೇ ಎಂದು ಮೇಲಿನವರು ಅನುಮೋದಿಸಿದರು. ಕೊನೆಗೆ ಸೆನ್ಸರ್ ಚೀರಿಕೊಂಡು ಹೊರಬಂತು. ಚೀರಿದ್ದು ಸೆನ್ಸರೋ ಚೆಟ್ಟೋ ಎಂಬ ವಿಷಯದಲ್ಲಿ ಸಭೆ ಎರಡಾಯಿತು. ಹೊಸದನ್ನು ತಿರುಪಿ, ಅದರ ವೈರನ್ನು ಕತ್ತಲಲ್ಲಿ ತಡವಿ ಸಿಕ್ಕಿಸಿ, ಎದ್ದು ಬಂದು, ಎಲ್ಲರೆದುರು ಕೀಲಿ ತಿರುಗಿಸಿದ.

ಹಳದಿ ದೀಪ ಎಂದಿಗಿಂತ ಕಳೆಕಳೆಯಾಗಿ ಹತ್ತಿತು. ಸಭೆ ಸದ್ದಿಲ್ಲದೆ ಕರಗಿತು. ಮನೆ ತಲುಪುವವರೆಗೂ ಯಾರೂ ನಗಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಚೆಟ್ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ಬರ್ನಡೀನ್ ಸೂಪಿನ ಬಟ್ಟಲು ಮುಂದಿಟ್ಟಳು. ಅವನ ತಲೆಗೂದಲಿನಿಂದ ಏನನ್ನೋ ಆರಿಸಿ ತೆಗೆದು ಬೆಳಕಿಗೆ ಹಿಡಿದಳು.

"ಇದೇನು?"

"ತುಕ್ಕು."

"ತುಕ್ಕಿಗೆ ಗೆರೆ ಇರುತ್ತಾ?"

ಅದು ಸೂರ್ಯಕಾಂತಿ ಬೀಜದ ಸಿಪ್ಪೆ. ಒಳಗಿನ ತಿರುಳನ್ನು ಯಾರೋ ಅಚ್ಚುಕಟ್ಟಾಗಿ ತಿಂದಿದ್ದರು.

ಬರ್ನಡೀನ್ ಟಾರ್ಚು ಹಿಡಿದು ಹೊರಗೆ ನಡೆದಳು, ಚೆಟ್ ಹಿಂದೆ ನಡೆದ. ಇಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವಳೇ ಎತ್ತಿದಳು. ಕೆಳಗೆ ಇಲಿಗಳ ಬಂಗಲೆ. ಹಾಸಿಗೆಗೆ ಚೆಟ್‌ನ ಕೈಗವಸಿನ ಹತ್ತಿ, ಮೂಲೆಯಲ್ಲಿ ಚಳಿಗಾಲಕ್ಕೆಂದು ಕೂಡಿಟ್ಟ ಬೀಜದ ರಾಶಿ. ಸಂಸಾರ ಮಾತ್ರ ಗಲಾಟೆಗೆ ಬೇಸತ್ತು ಮನೆ ಬಿಟ್ಟಿತ್ತು. ಹೋಗುವ ಮೊದಲು, ಊಟದ ಮಧ್ಯೆ ಬಾಯಿ ರುಚಿಗೆಂದು, ಸೆನ್ಸರಿಗೆ ಕರೆಂಟು ಕೊಡುವ ವೈರನ್ನು ತಾಮ್ರ ಕಾಣುವಂತೆ ಕಡಿದಿಟ್ಟಿತ್ತು. ಹಳೆಯ ಸೆನ್ಸರುಗಳೆಲ್ಲ ನಿರಪರಾಧಿಗಳು.

"ಮೂಟೆ ಡಬ್ಬಕ್ಕೆ ಸುರಿದ್ಯಾ, ಚೆಟ್?" ಎಂದಷ್ಟೇ ಕೇಳಿದಳು ಬರ್ನಡೀನ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು.

ವೈರು ಜೋಡಿಸಿ ಟೇಪು ಸುತ್ತಲು ಹಿಡಿದದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ದೀಪ ಆರಿತು. ದೋಷ ಹೋಯಿತೆಂದು ಗಾಡಿಯ ಕಂಪ್ಯೂಟರಿಗೆ ನಂಬಿಕೆ ಬರುವವರೆಗೆ ಗಾಡಿ ಓಡಿಸಬೇಕೆಂದು ಚೆಟ್ ಕೆಲಸಕ್ಕೆ ಊರು ಸುತ್ತಿಕೊಂಡು ಹೋಗಿಬಂದ. ಹುಟ್ಟುಹಬ್ಬದ ಮುನ್ನಾದಿನ ತಪಾಸಣೆ ಪಾಸಾಯಿತು. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ, ಪದಕ ತೂಗುಹಾಕುವ ಎತ್ತರದಲ್ಲಿ, ಅಂಟಿಸಿದ. ಬೀಜ ಡಬ್ಬ ಸೇರಿತು. ಎಡ್ಡಿಯ ಕಿವಿಗೆ ಏನಾದರೂ ಬಿದ್ದಿದೆಯೇ ಎಂದು ಹೆಂಡತಿಯನ್ನು ಮೆಲ್ಲಗೆ ವಿಚಾರಿಸಿದ. ಒಂದಕ್ಷರವೂ ಹೇಳಿಲ್ಲ ಅಂದಳು. ಅದು ನಿಜವೂ ಆಗಿತ್ತು.

ಹಬ್ಬ ಬಂತು. ಟರ್ಕಿ ತುಂಡು ಮಾಡಿದ್ದಾಯಿತು, ಪಿರೋಗಿ ಬಡಿಸಿದ್ದಾಯಿತು. ಎಡ್ಡಿ ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. "ಆ ಬೆಕ್ಕಿನ ವಿಷಯ ಏನಾಯ್ತು ಅಂದ್ರೆ..."

"ಎಡ್ಡಿ, ಸಾಕು," ಅಂದಳು ಬರ್ನಡೀನ್. "ಆ ಕಥೆ ಇನ್ನು ಈ ಮನೇಲಿ ಬೇಡ."

ಕೊಟ್ಟ ಮಾತಿಗೆ ನಿಲ್ಲುವ ಹೆಂಡತಿ ಎಷ್ಟು ಜನರಿಗೆ ಸಿಗುತ್ತಾಳೆ ಎಂದುಕೊಂಡು ಚೆಟ್ ಧಾರಾಳವಾಗಿ ಇನ್ನೊಂದು ತುಂಡು ಟರ್ಕಿ ಬಡಿಸಿಕೊಂಡ. ಮದುವೆಯಾದ ಮೇಲೆ ಇಷ್ಟು ನೆಮ್ಮದಿಯಾಗಿ ಅವನು ಈ ಮೇಜಿನಲ್ಲಿ ಕೂತದ್ದೇ ಇಲ್ಲ.

ಎಡ್ಡಿಯ ಮುಖ ಆಟಿಕೆ ಕಿತ್ತುಕೊಂಡ ಮಗುವಿನಂತಾಗಿತ್ತು. "ಮತ್ತೆ ನಾನೇನು ಹೇಳ್ಲಿ, ಬರ್ನಿ?"

"ನೀನೇನೂ ಹೇಳ್ಬೇಡ," ಎಂದು ಬರ್ನಡೀನ್ ಬಾಯಿ ಒರೆಸಿಕೊಂಡು, ಚಮಚವನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡಳು. "ಈ ವರ್ಷ ನಾನು ಹೇಳ್ತೀನಿ."