ಬಳೆ ಅಳತೆಯ ಪಿಸ್ತೂಲು

ನಮ್ಮ ಭಾವನನ್ನು ಕಂಡರೆ ಬಂದೂಕಿನ ಅಂಗಡಿಯವರೇ ಹೆದರುತ್ತಿದ್ದರು ಎಂದರೆ ನೀವು ನಂಬಬೇಕು. ಅಮೆರಿಕದಲ್ಲಿ ಬಂದೂಕಿನ ಅಂಗಡಿಯವರು ಯಾರಿಗೆ ಹೆದರುತ್ತಾರೆ ಹೇಳಿ? ಆದರೆ ತಲೆಗೆ ಮಂಕಿಕ್ಯಾಪು, ಹೆಗಲಿಗೆ ಊಟದ ಚೀಲ ಹಾಕಿಕೊಂಡ ಈ ಗದಗಿನ ಮನುಷ್ಯ ಬಾಗಿಲು ತಳ್ಳಿಕೊಂಡು ಒಳಗೆ ಬಂದರೋ, ಕೌಂಟರಿನ ಹಿಂದಿದ್ದವರೆಲ್ಲ ಏನೋ ನೆನಪಾದವರಂತೆ ಒಳಕೋಣೆಗೆ ನಡೆದುಬಿಡುತ್ತಿದ್ದರು. ಉಳಿಯುತ್ತಿದ್ದವರು ಬಿಳಿಗಡ್ಡದ ಮಾಲೀಕ ಅಜ್ಜ ಒಬ್ಬರೇ. ಓಡಿಹೋಗಲು ಅವರಿಗೆ ಮಂಡಿನೋವು!

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನನಗೆ ಮದುವೆಯಾಗಿರಲಿಲ್ಲ. ಫ್ಯಾಕ್ಟೋರಿಯಾ ಎಂಬ ಬಡಾವಣೆಯಲ್ಲಿ ಆಫೀಸು, ಪಕ್ಕದ ಈಸ್ಟ್‌ಗೇಟ್‌ನ ಅಕ್ಕನ ಮನೆಯ ಕೆಳಗಿನ ರೂಮಿನಲ್ಲಿ ವಾಸ, ಅಕ್ಕನ ಕೈಯಡುಗೆ. ಭಾವ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಎಂಜಿನಿಯರು. ನಾಲ್ಕೂವರೆಗೆ ಏಳುವುದು, ರಾತ್ರಿ ಒಂಬತ್ತಕ್ಕೆ ಮಲಗುವುದು. ಒಂಬತ್ತು ಎಂದರೆ ಒಂಬತ್ತೇ! ತಮ್ಮದೇ ಮನೆಯ ಗೃಹಪ್ರವೇಶದ ದಿನ, ನಲವತ್ತು ಜನ ಹಾಲಿನಲ್ಲಿ ಹರಟುತ್ತಿದ್ದಾಗ ಗಡಿಯಾರ ನೋಡಿ ಎದ್ದು, "ನೀವೆಲ್ಲಾ ಕೂಡ್ರಿ, ಅವಸರ ಇಲ್ಲ. ಹೋಗೂಮುಂದ ಲೈಟ್ ಆರಿಸಿ ಹೋಗ್ರಿ" ಎಂದು ಕೈಮುಗಿದು ಮಲಗಲು ಹೋದ ಮಹಾನುಭಾವರು. ಐದು ನಿಮಿಷಕ್ಕೆ ಮಹಡಿಯ ಮೇಲಿಂದ ಗೊರಕೆ ಶುರುವಾಯಿತು. ಪಕ್ಕದ ಬೀದಿಯಲ್ಲಿ ಮರ ಕೊಯ್ಯುತ್ತಿದ್ದಾರೆಂದು ಒಬ್ಬರು ಕಿಟಕಿ ಮುಚ್ಚಿದರು.

ಯಾವುದೇ ವಸ್ತು ಕೊಳ್ಳುವುದರಲ್ಲಿ ಭಾವನದು ಬೇರೆಯೇ ಪದ್ಧತಿ. ಮೊದಲು ಅದರ ಡಬ್ಬಿ ಬರಬೇಕು, ಆಮೇಲೆ ವಸ್ತು. ಫೋನು ಬರುವ ನಾಲ್ಕು ತಿಂಗಳ ಮೊದಲೇ ಫೋನಿನ ಕವರು ಬಂದಿತ್ತು. ಗ್ರೈಂಡರಿಗೆ ಹೊಲಿಸಿದ ಗೌಸು ಎರಡು ವರ್ಷ ಖಾಲಿ ಸ್ಟೂಲಿನ ಮೇಲೆ ಕೂತಿತ್ತು. "ಮನಿ ಇಲ್ಲದ ಸೊಸಿ ತರಬಾರದೋ ತಮ್ಮಾ" ಎನ್ನುವುದು ಅವರ ವಾದ. ಅಕ್ಕ ಮಾತ್ರ, "ನನ್ನನ್ನ ಹೇಗೆ ಅಷ್ಟು ಬೇಗ ಒಪ್ಪಿಕೊಂಡರೋ ಕಾಣೆ. ಮೈಸೂರಿಗೆ ಬಂದರು, ನೋಡಿದರು, ಕಾಫಿ ಲೋಟ ಕೆಳಗಿಡೋದರೊಳಗೆ ಹೂಂ ಅಂದರು!" ಎಂದು ನಗುತ್ತಿದ್ದಳು.

ಅಂಥ ಅಕ್ಕ ಒಂದು ದಿನ ನಗುವುದನ್ನು ನಿಲ್ಲಿಸಿದಳು. ಹಾಡುಹಗಲಲ್ಲಿ ಮನೆಗೆ ಕಳ್ಳರು ನುಗ್ಗಿದ್ದರು. ಅಕ್ಕ ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ಹಿತ್ತಲಿನ ಗಾಜಿನ ಬಾಗಿಲು ಒಡೆದಿತ್ತು. ಅವರು ಬೀರು ಮುಟ್ಟಿರಲಿಲ್ಲ, ನೆಟ್ಟಗೆ ಅಡುಗೆಮನೆಗೆ ಹೋಗಿ ತೊಗರಿಬೇಳೆ ಡಬ್ಬ ಸುರಿದಿದ್ದರು! ನಮ್ಮ ಹೆಂಗಸರು ಒಡವೆಯನ್ನು ಬೇಳೆಯಲ್ಲಿ ಹೂತಿಡುತ್ತಾರೆಂದು ಅವರಿಗೆ ಯಾರು ಹೇಳಿಕೊಟ್ಟರೋ! ಅಮ್ಮ ಕೊಟ್ಟಿದ್ದ ಅವಲಕ್ಕಿ ಸರ ಹೋಯಿತು. ಹೋದದ್ದು ಸರ ಮಾತ್ರವಲ್ಲ. ಅಲ್ಲಿಂದಾಚೆಗೆ ಅಕ್ಕ ಹಗಲು ಹೊತ್ತು ಒಬ್ಬಳೇ ಮನೆಯಲ್ಲಿ ಇರಲಾರದಾದಳು. ರಾತ್ರಿ ನಾವಿಬ್ಬರೂ ಇರುತ್ತಿದ್ದೆವು, ಭಯವಿಲ್ಲ. ಬೆಳಗ್ಗೆ ನಾನು ಹೊರಟೆನೆಂದರೆ ಅವಳೂ ಬೀಗ ಹಾಕಿ ಬಸ್ಸು ಹತ್ತಿ ಫ್ಯಾಕ್ಟೋರಿಯಾ ಮಾಲ್‌ಗೆ ಬಂದು, ಸಂಜೆಯವರೆಗೆ ಒಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಊಟದ ಹೊತ್ತಿಗೆ ಒಮ್ಮೆ ನಾನು ಅಲ್ಲಿಗೆ ಹೋದೆ. ತನ್ನ ಮನೆಯಿದ್ದೂ ಊರ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಚೀಲ ತಬ್ಬಿಕೊಂಡು ಕೂತಿದ್ದಳು. ಆ ವಾರವೇ ಮನೆಗೆ ಅಲಾರಂ ಹಾಕಿಸಿದೆವು. ಅದು ಕುಂಯ್ ಎಂದಾಗಲೆಲ್ಲ ಅವಳು ಇನ್ನಷ್ಟು ಬೆಚ್ಚುತ್ತಿದ್ದಳು.

ಆಗ ಭಾವ ಘೋಷಿಸಿದರು: "ನಾ ಒಂದು ಪಿಸ್ತೂಲ್ ತೊಗೋತೇನಿ."

ದೂರದ ಕಾಲೇಜಿನಲ್ಲಿದ್ದ ಅವರ ಮಗಳು ಫೋನಿನಲ್ಲೇ ಕಿರುಚಿದಳು: "ಅಪ್ಪಾ, ಯು ಕಾಂಟ್ ಈವನ್ ಕಿಲ್ ಎ ಸ್ಪೈಡರ್!" ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬಚ್ಚಲಲ್ಲಿ ಜೇಡ ಕಂಡರೆ ಲೋಟ ಕವುಚಿ, ಕೆಳಗೆ ಕಾಗದ ತೂರಿಸಿ, ತೋಟದವರೆಗೆ ಹೊತ್ತುಕೊಂಡು ಹೋಗಿ, "ಹೋಗಪಾ, ಹುಷಾರು" ಎಂದು ಬೀಳ್ಕೊಡುವ ಮನುಷ್ಯ! ಅಕ್ಕನಂತೂ "ಆ ದರಿದ್ರ ಮನೆಗೆ ಬಂದರೆ ನಾನು ಮೈಸೂರಿಗೆ ಹೋಗ್ತೀನಿ" ಎಂದಳು. ಆದ್ದರಿಂದ ಮುಂದಿನ ಸಂಶೋಧನೆಯೆಲ್ಲ ಗುಟ್ಟಾಗಿ ನಡೆಯಿತು. ಗುಟ್ಟಿನ ಪಾಲುದಾರ, ನಾನು.

ಪದ್ಧತಿ ಗೊತ್ತಲ್ಲ? ಮೊದಲು ಬೀಗವಿರುವ ಉಕ್ಕಿನ ಪೆಟ್ಟಿಗೆ ಬಂತು. ಆಮೇಲೆ ಕಿವಿ ಮುಚ್ಚುವ ದಪ್ಪ ಇಯರ್‌ಮಫ್ ಬಂತು. ಕೊನೆಗೆ ನಾವು ಅಜ್ಜನ ಅಂಗಡಿಗೆ ಹೋದೆವು.

ಅಜ್ಜ ಒಳ್ಳೆಯ ಮನುಷ್ಯ. ಹೊಸಬರು ಚಂದ ನೋಡಿ ಕೊಳ್ಳಬಾರದು, ಕೈಯಲ್ಲಿ ಹಿಡಿದು ನೋಡಬೇಕು ಎಂದು ನಾಲ್ಕೈದು ಪಿಸ್ತೂಲು ಬಟ್ಟೆಯ ಮೇಲೆ ಹರವಿದರು. ಭಾವ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡರು. ಚಿಕ್ಕದು, ಮೆತ್ತಗೆ ಹೊಡೆಯುತ್ತದೆ ಎಂದು ಅವರ ಲೆಕ್ಕ. ಅಜ್ಜ ತಲೆಯಾಡಿಸಿ, "ತಪ್ಪು. ಚಿಕ್ಕದಿದ್ದಷ್ಟೂ ಕೈಗೆ ಒದೆಯುವುದು ಜಾಸ್ತಿ" ಎಂದರು. ಭಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಿಮ್ಮ ಅಕ್ಕನಂಗ" ಎಂದರು.

ಆಮೇಲೆ ಪ್ರಶ್ನೆಗಳು ಶುರುವಾದವು. ತೊಳೆಯುವುದು ಹೇಗೆ? ಯಾವ ಎಣ್ಣೆ? ಸ್ಪ್ರಿಂಗ್ ಹೋದರೆ ಬಿಡಿಯಾಗಿ ಸಿಗುತ್ತದೆಯೇ? ರಿವಾಲ್ವರಿನ ಗುಂಡಿನ ಉರುಳೆ ತಿರುಗಿಸಿ ಅದರ ಸದ್ದು ಕೇಳಿದರು, ಥೇಟ್ ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಅಜ್ಜ ತಾಳ್ಮೆಯಿಂದ ಎಲ್ಲಕ್ಕೂ ಉತ್ತರಿಸಿದರು. ಆಗ ಭಾವ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು. ಒಳಗೆ ಅಕ್ಕನ ಹಸಿರು ಗಾಜಿನ ಬಳೆ!

ಊರಲ್ಲಿ ಗಂಡಸರು ಹೆಂಡತಿಗೆ ಗುಟ್ಟಾಗಿ ಬಳೆ ತರಬೇಕಾದರೆ ಹಳೆಯದೊಂದನ್ನು ಅಳತೆಗೆ ಒಯ್ಯುತ್ತಾರೆ, ಸರಿ. ಪಿಸ್ತೂಲಿಗೂ ಒಯ್ಯುತ್ತಾರೆಯೇ? ಭಾವ ಒಂದೊಂದೇ ಪಿಸ್ತೂಲು ಎತ್ತಿ, ಹಿಡಿಕೆಗೆ ಬಳೆ ತೊಡಿಸಿ, ಉಳಿದ ಸಂದಿಯನ್ನು ಬೆರಳಲ್ಲಿ ಅಳೆಯತೊಡಗಿದರು. ಅಜ್ಜನ ಕನ್ನಡಕ ಮೂಗಿನ ತುದಿಗೆ ಬಂತು.

"ಇದೇನು?" ಎಂದರು.

"ಹೆಂಡತಿಯ ಕೈ," ಎಂದರು ಭಾವ. "ಟೂ ಪಾಯಿಂಟ್ ಫೋರ್."

"ಹೆಂಡತಿಯನ್ನೇ ಕರೆದುಕೊಂಡು ಬರಬಾರದೇ?"

ಅಕ್ಕನಿಗೆ ಹೇಳಲೇಬೇಕಾಗಿ ಬಂದು ಗುಟ್ಟು ರಟ್ಟಾಯಿತು. ಮಾಲ್‌ನ ಬೆಂಚಿಗಿಂತ ಇದೇ ವಾಸಿ ಎಂದೋ ಏನೋ, ಬೈದುಕೊಂಡೇ ಅಕ್ಕ ಒಂದು ಶನಿವಾರ ಬಂದಳು. ಅಜ್ಜ ಖಾಲಿ ಪಿಸ್ತೂಲು ಕೊಟ್ಟು, ಮೇಲ್ಭಾಗವನ್ನು ಹಿಡಿದು ಹಿಂದಕ್ಕೆಳೆಯಬೇಕು, ಬಿಗಿಯಿರುತ್ತದೆ, ಹೊಸಬರಿಗೆ ಕಷ್ಟ ಎಂದರು. ಭಾವ ಮೊದಲು ಎಳೆದರು. ಮುಖ ಕೆಂಪಾಯಿತೇ ಹೊರತು ಅದು ಅಲ್ಲಾಡಲಿಲ್ಲ. ನಾನೂ ಎಳೆದೆ, ಅರ್ಧಕ್ಕೆ ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಈಸಿಕೊಂಡವಳೇ ಸರಕ್ಕೆಂದು ಎಳೆದುಬಿಟ್ಟಳು! ಅಜ್ಜ ಬೆರಗಾಗಿ ಏನು ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದರು. ಇಪ್ಪತ್ತೈದು ವರ್ಷ ಚಕ್ಕುಲಿ ಒರಳು ಒತ್ತಿದ ಕೈ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಅಕ್ಕ ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟು, "ಆಯ್ತಾ? ನಡೀರಿ. ನಾನು ಇದನ್ನ ಮುಟ್ಟೋದು ಇದೇ ಕೊನೆ" ಎಂದಳು.

ಭಾವ ಬಿಡುವವರಲ್ಲ. ಹಾಗಾದರೆ ತಾವೇ ಕಲಿಯುವುದೆಂದಾಯಿತು. ಅಂಗಡಿಯ ಹಿಂದೆಯೇ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗವಿತ್ತು. ಎಳೆಯಲು ಹಗುರಾದ ಬಾಡಿಗೆ ಪಿಸ್ತೂಲು, ಮಂಕಿಕ್ಯಾಪಿನ ಮೇಲೆ ಇಯರ್‌ಮಫ್, ಒಂದೊಂದು ಗುಂಡಿಗೂ ಒಂದೊಂದು "ರಾಮ ರಾಮ". ಪಿಸ್ತೂಲಿನಿಂದ ಹಾರಿದ ಖಾಲಿ ಗುಂಡಿನ ಬಿಸಿ ಕೊಳವೆಯೊಂದು ಒಮ್ಮೆ ಕಾಲರಿನೊಳಗೆ ಬಿತ್ತು ನೋಡಿ, ಭಾವ ಮೊದಲು ಪಿಸ್ತೂಲನ್ನು ಹೇಳಿಕೊಟ್ಟ ಹಾಗೆ ಮೂತಿ ಮುಂದೆ ಮಾಡಿ ನಿಧಾನಕ್ಕೆ ಕೆಳಗಿಟ್ಟು, ಆಮೇಲೆ ಕುಣಿದರು. "ಎಲ್ಲರೂ ಮೊದಲು ಕುಣಿಯುತ್ತಾರೆ. ಇವರೊಬ್ಬರೇ ಮೊದಲು ಕೆಳಗಿಟ್ಟವರು" ಎಂದು ಅಜ್ಜ ಮೆಚ್ಚಿದರು.

ಗುರಿಯೂ ಕುದುರಿತು. ಎರಡು ತಿಂಗಳಲ್ಲಿ ದುಂಡು ಚಕ್ರದ ಕಾಗದದ ನಡುವೆ ತೂತು ಬೀಳತೊಡಗಿತು. ಆಯುಧ ಪೂಜೆ ಹತ್ತಿರ ಬಂದಿತ್ತು. ನಮ್ಮಲ್ಲಿ ಅವತ್ತು ಮಿಕ್ಸಿ, ಲ್ಯಾಪ್‌ಟಾಪು, ಸ್ಕ್ರೂಡ್ರೈವರಿಗೆಲ್ಲ ಕುಂಕುಮ. "ಈ ಸಲ ಖರೇ ಆಯುಧ ಇಟ್ಟು ಪೂಜಾ ಮಾಡೂಣು" ಎಂದು ಭಾವ ಹುರುಪಿನಲ್ಲಿದ್ದರು.

ಹನ್ನೊಂದನೆಯ ಭೇಟಿ. ಅವತ್ತು ಅಜ್ಜ ದುಂಡು ಚಕ್ರದ ಬದಲು ಮನುಷ್ಯನ ಆಕಾರದ ಕಾಗದ ತೂಗುಹಾಕಿದರು. ಭಾವ ಪಿಸ್ತೂಲು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಕೊನೆಗೆ ಗುಂಡಿ ಒತ್ತಿ ಕಾಗದವನ್ನು ಹತ್ತಿರ ತರಿಸಿಕೊಂಡು, ಕ್ಲಿಪ್ಪು ಬಿಚ್ಚಿ, ಅದನ್ನು ತಿರುಗಿಸಿ ಬಿಳಿಯ ಬೆನ್ನು ಈಚೆಗೆ ಬರುವಂತೆ ಸಿಕ್ಕಿಸಿದರು. ಆಮೇಲೆ ಹೊಡೆದರು. ನಾನು ಗೊಳ್ಳೆಂದು ನಕ್ಕೆ. ಅಜ್ಜ ನಗಲಿಲ್ಲ.

ಹೊರಗೆ ಬಂದ ಮೇಲೆ ಅಜ್ಜ ಭಾವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ನಿಜ ಹೇಳು. ಎದುರಿಗೆ ಮನುಷ್ಯ ನಿಂತರೆ ಇದನ್ನು ಅವನ ಕಡೆ ತಿರುಗಿಸುತ್ತೀಯಾ?"

ಭಾವ ಮಂಕಿಕ್ಯಾಪು ತೆಗೆದು ಕೈಯಲ್ಲಿ ಹಿಡಿದು, "ಇಲ್ಲ" ಎಂದರು.

"ಹಾಗಿದ್ದರೆ ನಿನಗೆ ಸರಿಹೋಗುವ ಪಿಸ್ತೂಲು ನನ್ನ ಅಂಗಡಿಯಲ್ಲಿ ಇಲ್ಲ."

ವ್ಯಾಪಾರಿ ಹೀಗೆ ಹೇಳಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ವಾಪಸು ಬರುವಾಗ ಹೆದ್ದಾರಿಯಿಂದ ನಮ್ಮ ಮನೆ ಕಡೆ ಇಳಿಯುವ ಈಸ್ಟ್‌ಗೇಟ್‌ನ ಎಕ್ಸಿಟ್ ಬಂತು, ಹೋಯಿತು. ಭಾವ ನೋಡಲೇ ಇಲ್ಲ. ಮುಂದಿನ ಎಕ್ಸಿಟ್ಟಿನ ಹತ್ತಿರ, "ತಮ್ಮಾ, ಹಂಗಾದ್ರ ಆಕೀಗೆ ಏನು ಮಾಡ್ಲಿ?" ಎಂದರು.

ಆಯುಧ ಪೂಜೆಯ ದಿನ ಬಂತು. ಮಿಕ್ಸಿಯ ಪಕ್ಕದಲ್ಲಿ ಉಕ್ಕಿನ ಪೆಟ್ಟಿಗೆ, ಮೇಲೆ ಕುಂಕುಮ, ಸೇವಂತಿಗೆ. ಅಕ್ಕನ ಮುಖ ಗಂಟಾಯಿತು. "ತಂದೇಬಿಟ್ರಾ?" ಎಂದಳು. ಭಾವ ಬೀಗ ತೆಗೆದರು. ಒಳಗಿದ್ದದ್ದು ಎರಡೇ: ಹಸಿರು ಬಳೆ, ಮಡಿಸಿದ ಒಂದು ಕಾಗದ. ಬಿಚ್ಚಿ ಓದಿದೆ. ಕಾರ್ಖಾನೆಯ ಪತ್ರ. ಭಾವನಿಗೆ ಅವರ ಕೋರಿಕೆಯ ಮೇರೆಗೆ ರಾತ್ರಿ ಪಾಳಿ ಕೊಡಲಾಗಿದೆ!

"ರಾತ್ರಿ ನೀ ಇರ್ತೀ," ಎಂದರು ನನಗೆ. ಆಮೇಲೆ ಅಕ್ಕನ ಕಡೆ ತಿರುಗಿ, "ಹಗಲೀಗೆ ನಾ ಇರ್ತೇನಿ. ಆ ಮಾಲ್‌ನ್ಯಾಗ ಇನ್ನ ಕೂಡ್ರಬ್ಯಾಡ."

ಒಂಬತ್ತಕ್ಕೆ ಮಲಗುವ ಭಾವ! ಗೃಹಪ್ರವೇಶದ ಅತಿಥಿಗಳಿಗೂ ಬಿಟ್ಟುಕೊಡದ ನಿದ್ದೆಯನ್ನು ಹೀಗೆ ಕೊಟ್ಟುಬಿಟ್ಟರು. ಅಕ್ಕ ಬಳೆ ತೆಗೆದು ಕೈಗೆ ಹಾಕಿಕೊಂಡಳು.

ಅಂದಿನಿಂದ ಭಾವ ಬೆಳಗ್ಗೆ ಬಂದು, ತಿಂಡಿ ತಿಂದು, ಮುಂಬಾಗಿಲಿನ ಹತ್ತಿರದ ಒರಗು ಕುರ್ಚಿಯಲ್ಲೇ ಮಲಗುತ್ತಿದ್ದರು. ಬೆಡ್‌ರೂಮಿನಲ್ಲಿ ಮಲಗಿದರೆ ಕಾವಲು ಹೇಗಾದೀತು? ಆದರೆ ಅಕ್ಕನ ಮಿಕ್ಸಿ, ಕುಕ್ಕರಿನ ಸದ್ದಿಗೆ ಎಚ್ಚರವಾಗುತ್ತದಲ್ಲ! ಪೆಟ್ಟಿಗೆಗೆ ಪಿಸ್ತೂಲು ಬರದಿದ್ದರೇನು, ಇಯರ್‌ಮಫ್ ಉಪಯೋಗಕ್ಕೆ ಬಂತು. ಅದನ್ನು ಹಾಕಿಕೊಂಡು ಮಲಗಿದರೆ ಗೊರಕೆ ಬೀದಿಯ ತನಕ ಕೇಳುತ್ತಿತ್ತು. ಮನೆಗೆ ಬಂದವರು ತುದಿಗಾಲಲ್ಲಿ ಓಡಾಡಬೇಕು.

"ಕಿವಿಗೆ ಅದನ್ನ ಹಾಕ್ಕೊಂಡು ಮಲಗಿದ್ರೆ ಕಳ್ಳ ಬಂದಿದ್ದು ನಿಮಗೆ ಹ್ಯಾಗ್ರೀ ಕೇಳಿಸುತ್ತೆ?" ಎಂದು ಅಕ್ಕ ರೇಗಿಸುತ್ತಿದ್ದಳು.

"ನನಗ ಯಾಕ ಕೇಳಬೇಕು? ಅವಂಗ ನನ್ನ ಗೊರಕಿ ಕೇಳಸ್ತದಲ್ಲ, ಸಾಕು!"

ನಿಜಕ್ಕೂ ಸಾಕಾಯಿತು. ಅಕ್ಕ ಮತ್ತೆ ನಗತೊಡಗಿದಳು, ಮಧ್ಯಾಹ್ನ ಆ ಗೊರಕೆಯ ಪಕ್ಕದಲ್ಲೇ ಕೂತು ಹೂಬತ್ತಿ ಮಾಡತೊಡಗಿದಳು. ಭಾವ ನಿವೃತ್ತರಾಗುವವರೆಗೂ ಹಗಲು ಪಾಳಿಗೆ ಮರಳಲಿಲ್ಲ, ನಾನೂ ಅಲ್ಲಿಯವರೆಗೆ ಆ ಕೆಳಗಿನ ರೂಮು ಬಿಡಲಿಲ್ಲ. ಬಿಳಿಗಡ್ಡದ ಅಜ್ಜನಿಗೆ ಮಾತ್ರ ಪ್ರತಿ ದೀಪಾವಳಿಗೂ ಒಂದು ಡಬ್ಬ ಚಕ್ಕುಲಿ ಹೋಗುತ್ತಿತ್ತು.

ಭಾವ ಹೋಗಿ ಎರಡು ವರ್ಷವಾಯಿತು. ಎದೆನೋವು, ಆಸ್ಪತ್ರೆ, ಎರಡೇ ದಿನ. ಮಗಳು ಎಷ್ಟು ಕರೆದರೂ ಅಕ್ಕ ಆ ಮನೆ ಬಿಟ್ಟು ಕದಲಲಿಲ್ಲ. ಹಗಲಲ್ಲಿ ಒಬ್ಬಳೇ ಹೇಗಿದ್ದಾಳೋ ಎಂದು ನನಗೆ ಸದಾ ಯೋಚನೆ. ಮೊನ್ನೆ ಮಧ್ಯಾಹ್ನ ಹೇಳದೆ ಹೋದೆ. ಬೆಲ್ ಒತ್ತಿದೆ, ಉತ್ತರವಿಲ್ಲ. ಗಾಬರಿಯಾಗಿ ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದೆ.

ಅಕ್ಕ ಬಾಗಿಲ ಹತ್ತಿರದ ಆ ಒರಗು ಕುರ್ಚಿಯ ಪಕ್ಕದಲ್ಲಿ, ತನ್ನ ಎಂದಿನ ಜಾಗದಲ್ಲಿ ಹೂಬತ್ತಿ ಮಾಡುತ್ತ ಕೂತಿದ್ದಳು. ಕಿವಿಗೆ ಭಾವನ ಇಯರ್‌ಮಫ್.

ಹೆಗಲು ಮುಟ್ಟಿದೆ. ನನ್ನನ್ನು ನೋಡಿ ಒಂದು ಕಿವಿಯದನ್ನು ಮಾತ್ರ ಸರಿಸಿದಳು.

"ಏನಕ್ಕಾ ಇದು! ನಾನು ಒಳಗೆ ಬಂದಿದ್ದೇ ನಿನಗೆ ಗೊತ್ತಾಗಲಿಲ್ಲವಲ್ಲ! ಹೆದರಿಕೆ ಆಗಲ್ವಾ?"

"ಇದನ್ನ ತೆಗೆದರೇನೇ ಹೆದರಿಕೆ ಕಣೋ. ಮನೆ ಎಷ್ಟು ಸುಮ್ಮನಿದೆ ಅಂತ ಗೊತ್ತಾಗಿಬಿಡುತ್ತೆ," ಎಂದಳು. "ಹಾಕ್ಕೊಂಡ್ರೆ, ಅವರು ಇಲ್ಲೇ ಗೊರಕೆ ಹೊಡೀತಾ ಇದಾರೆ, ನನಗೇ ಕೇಳಿಸ್ತಿಲ್ಲ ಅಂತ ಇರುತ್ತೆ."

ಅಷ್ಟು ಹೇಳಿ ಮತ್ತೆ ಕಿವಿ ಮುಚ್ಚಿಕೊಂಡಳು. ನಾನು ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.