ನಿಪ್ಪಾಣಿಯಿಂದ ಬಂದ ಪಂಪು

ಆನ್‌ಲೈನಿನಲ್ಲಿ ತರಿಸಿದ ಪಂಪು ಬೆಳಗಾವಿಯವರೆಗೆ ಬಂದು ಅಲ್ಲೇ ಕೂತುಬಿಟ್ಟದ್ದು ದುಂಡೇಶನ ಗ್ರಹಚಾರ. ಬೆಳಿಗ್ಗೆ ಎದ್ದರೆ ‘ನಿಮ್ಮ ಪಾರ್ಸೆಲ್ ಇಂದು ತಲುಪಲಿದೆ’ ಎಂದು ಫೋನಿಗೆ ಸಂದೇಶ, ಸಂಜೆಯಾದರೆ ‘ಅನಿವಾರ್ಯ ಕಾರಣಗಳಿಂದ’ ಎಂದು ಇನ್ನೊಂದು. ಹೀಗೇ ದಿನ ದೂಡಿ ಭಾನುವಾರ ಬಂತು. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ದೀಪಾಲಿ ಬಾಣಂತನದ ರಜೆ ಮುಗಿಸಿ ಡ್ಯೂಟಿಗೆ ಹಾಜರಾಗಬೇಕು. ಆಕೆ ಬಸ್ ಕಂಡಕ್ಟರ್. ತಾಯಿ ಬಸ್ಸಿನಲ್ಲಿ, ಕೂಸು ಉಗಾರದ ಮನೆಯಲ್ಲಿ. ಎದೆಹಾಲು ತೆಗೆದಿಡುವ ಪಂಪು ಇಲ್ಲದಿದ್ದರೆ ಕೂಸಿನ ಹೊಟ್ಟೆಯ ಗತಿಯೇನು?

“ಇವತ್ತ ತರಲಿಲ್ಲಂದ್ರ ನಾಳೆ ಕೂಸು ಉಪವಾಸ ನೋಡ್ರಿ,” ಎಂದಳು ದೀಪಾಲಿ, ಅಡುಗೆಮನೆಯ ಮೂಲೆಯಲ್ಲಿ ದನಿ ತಗ್ಗಿಸಿ. “ಡಬ್ಬಿ ಹಾಲ ಬಾಯಾಗ ಇಟ್ರ ಉಗುಳತೈತಿ. ನಿಮಗೂ ಗೊತ್ತೈತಿ.”

ದನಿ ತಗ್ಗಿಸಲು ಕಾರಣ ದುಂಡೇಶನ ತಾಯಿ ಕಾಳವ್ವ. ಪಂಪಿನ ಸುದ್ದಿ ಮೊದಲ ಸಲ ಕಿವಿಗೆ ಬಿದ್ದ ದಿನವೇ ಆಕೆ ತೀರ್ಪು ಕೊಟ್ಟಾಗಿತ್ತು. “ಎಮ್ಮಿ ಹಾಲು ಸೈತ ಸೆರಗ ಮುಚ್ಚಿಕೊಂಡ ತರತೀವಿ. ತಾಯಿ ಹಾಲು ಬಾಟ್ಲ್ಯಾಗ ತುಂಬಿ ಊರಿಗೆಲ್ಲಾ ತೋರಸ್ತೀರಿ? ದೃಷ್ಟಿ ಆತಂದ್ರ ಬತ್ತಿ ಹೊಕ್ಕೈತಿ. ಅಂಥಾ ಮಷಿನ್ ಈ ಹೊಸ್ತಿಲಾ ದಾಟಬಾರದು!”

ಆದ್ದರಿಂದ ಪಂಪು ಗುಟ್ಟಾಗಿ ಬರಬೇಕಿತ್ತು. ಉಗಾರದ ಔಷಧದಂಗಡಿಯವನು ದುಂಡೇಶನ ಜೊತೆ ಓದಿದವನು, ಅಲ್ಲಿ ಕೇಳಿದರೆ ಅವ್ವನ ಕಿವಿಗೆ ಮುಟ್ಟಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಕಾಗವಾಡದಲ್ಲಿ ಹೆಂಡತಿಯ ಕಡೆಯ ನೆಂಟರು. ಹಾರೂಗೇರಿಯಲ್ಲಿ ಅಕ್ಕನ ಅತ್ತೆಮನೆ. ನಿಪ್ಪಾಣಿಯಲ್ಲಿ ಮಾತ್ರ ಅವನ ಗುರುತಿನವರು ಯಾರೂ ಇರಲಿಲ್ಲ. ಬಸ್ಸಿಗೆ ಹೋಗುವಂತಿಲ್ಲ, ಆ ದಾರಿಯ ಕಂಡಕ್ಟರುಗಳೆಲ್ಲ ದೀಪಾಲಿಯ ಜೊತೆಗಾರರು. ಬಸ್ಸಿನಲ್ಲಿ ಹತ್ತು ಜನರ ಕಣ್ಣಿಗೆ ಬೀಳುವುದಕ್ಕಿಂತ ಬೈಕಿನಲ್ಲಿ ಧೂಳು ತಿನ್ನುವುದೇ ವಾಸಿ ಎಂದು ಹೊರಟ.

ನಿಪ್ಪಾಣಿಯ ಆ ಅಂಗಡಿಯ ಯಜಮಾನ ಧರಣೇಂದ್ರ ಎಂಬಾತ. ದುಂಡೇಶ ಮೊದಲು ತಲೆನೋವಿನ ಮುಲಾಮು ಕೊಂಡ. ಗಿರಾಕಿಗಳು ಕರಗಲಿಲ್ಲ. ಹತ್ತಿ ಕೊಂಡ. ಕೆಮ್ಮಿನ ಗುಳಿಗೆ ಕೊಂಡ. ಕೊನೆಗೆ ಅಂಗಡಿ ಖಾಲಿಯಾದಾಗ ಗಾಜಿನ ಮೇಲೆ ಬಾಗಿ ಪಿಸುಗುಟ್ಟಿದ.

“ಓ, ಬಾಳಂತ್ಯಾರ ಹಾಲಿನ ಪಂಪ್!” ಎಂದು ಧರಣೇಂದ್ರ ರಸ್ತೆಯ ಆಚೆಗೂ ಕೇಳುವಂತೆ ಹೇಳಿದ. “ಅದನ್ಯಾಕ ಕಳ್ಳಮಾಲ ಕೇಳಿದಂಗ ಕೇಳತೀರಿ? ಯಾವದ ಕೊಡ್ಲಿ? ಕೈಲೆ ಒತ್ತೂದೋ, ಕರೆಂಟಿಂದೋ, ಚಾರ್ಜಿಂಗದೋ? ಒಂದ ಕಡಿ ತಗಿಯೂದೋ, ಎರಡೂ ಕಡಿ ಕೂಡೇ ತಗಿಯೂದೋ?”

ದುಂಡೇಶ ಪಂಪೆಂದರೆ ಪಂಪು ಎಂದುಕೊಂಡು ಬಂದಿದ್ದ. ಇಷ್ಟು ಬಗೆ ಇರುತ್ತವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಬಸ್ಸಿನಾಗ ಡ್ಯೂಟಿ ಇರತೈತ್ರಿ…”

“ಬಸ್ಸಿನಾಗ ಪ್ಲಗ್ ಎಲ್ಲಿ ಹುಡಕತಾರ್ರೀ? ಚಾರ್ಜಿಂಗದ್ದ ಒಯ್ಯರಿ. ಸಪ್ಪಳಾ ಕಡಿಮಿ. ಇದೊಂದ ಪೀಸ್ ಉಳದೈತಿ, ಮುಗದ್ರ ಮತ್ತ ಮುಂದಿನ ವಾರಾನ. ಕಪ್ಪಿನ ಸೈಜ್ ಎಷ್ಟು?”

“ಸೈಜ್?” ದುಂಡೇಶನ ಕಿವಿ ಕಾದವು.

“ತೊಟ್ಟಿನ ಅಳತಿ ನೋಡೇ ಕಪ್ ಕೊಡಬೇಕ್ರಿ. ತಪ್ಪಿತಂದ್ರ ಗಾಯ ಆಕ್ಕಾವ. ಮನ್ಯಾಗ ಕೇಳ್ರಿ.”

ಕಬ್ಬು ಹೇರಿದ ಟ್ರ್ಯಾಕ್ಟರನ್ನು ಒಂದು ಕಿಲೋ ಹೆಚ್ಚುಕಡಿಮೆಯಾಗದಂತೆ ತೂಗುವ ಸಕ್ಕರೆ ಕಾರ್ಖಾನೆಯ ಗುಮಾಸ್ತ ಈ ಅಳತೆಯ ಮುಂದೆ ತಬ್ಬಿಬ್ಬಾದ. ಅಂಗಡಿಯ ಕಂಬಕ್ಕೆ ಮುಖ ಮಾಡಿ ಹೆಂಡತಿಗೆ ಫೋನು ಹಚ್ಚಿದ. ಆಕೆ ಮೊದಲೇ ಅಳೆದಿಟ್ಟುಕೊಂಡಿದ್ದಳು, ಥಟ್ಟನೆ ಹೇಳಿದಳು. ಜೊತೆಗೆ ಇನ್ನೊಂದು ಮಾತು: “ಎಳತಾ ಭಾಳ ಜೋರ ಇರಬಾರದು. ಬ್ಯಾನಿ ಆಗಬಾರದು. ನೋಡಿ ತರ್ರಿ.”

ನೋಡಿ ತಾ ಎಂದರೆ ಹೇಗೆ ನೋಡುವುದು? ದುಂಡೇಶ ಆಜ್ಞಾಧಾರಕ ಗಂಡ. ಕಪ್ಪನ್ನು ಅಂಗೈಗೆ ಇಟ್ಟು ನೋಡಿದ, ಏನೂ ತಿಳಿಯಲಿಲ್ಲ. ಮೆತ್ತಗಿನ ಜಾಗವೇ ಆಗಬೇಕೆಂದು ಯೋಚಿಸಿ ಕೆನ್ನೆಗೆ ಇಟ್ಟುಕೊಂಡು ಗುಂಡಿ ಒತ್ತಿದ. ಮೊದಲು ಕಚಗುಳಿಯಾಯಿತು. ಇನ್ನೊಮ್ಮೆ ಒತ್ತಿದ. ಎಲ್ಲಿ ಒತ್ತಿದನೋ, ಪಂಪು ಒಮ್ಮೆಗೇ ಪೂರ್ತಿ ಜೋರಿಗೆ ಹೋಗಿ ಕೆನ್ನೆಯನ್ನು ಕಪ್ಪಿನೊಳಗೆ ಎಳೆದುಕೊಂಡಿತು. ಬಿಡಿಸಲು ಹೋದರೆ ಕಣ್ಣಲ್ಲಿ ನೀರು ಬಂತೇ ಹೊರತು ಪಂಪು ಬರಲಿಲ್ಲ.

“ಅಯ್ಯ ಶಿವನ! ದುಂಡೇಶಾ, ಗಲ್ಲಕ್ಕ ಏನೋ ಕಚಗೊಂಡೈತಿ?”

ಬಾಗಿಲಲ್ಲಿ ಭಾಗ್ಯಾ ಮಾವಶಿ ನಿಂತಿದ್ದಳು. ಪಕ್ಕದ ಮನೆಯವಳು, ದಿನಾ ಮಧ್ಯಾಹ್ನ ಕಾಳವ್ವನ ಜೊತೆ ಕಟ್ಟೆಯ ಮೇಲೆ ಕೂತು ಊರು ಸೋಸುವವಳು. ಆಕೆಯ ಮಗಳನ್ನು ಕೊಟ್ಟದ್ದು ನಿಪ್ಪಾಣಿಗೇ ಎಂಬುದು ದುಂಡೇಶನಿಗೆ ಈಗ ನೆನಪಾಯಿತು.

“ಬಾಳಂತ್ಯಾರ ಹಾಲ ತಗಿಯೂ ಪಂಪ್ ಬಾಯಾರ,” ಎಂದು ಧರಣೇಂದ್ರ ಉಪಕಾರ ಮಾಡಿದ. “ಪರೀಕ್ಷಾ ಮಾಡಾಕತ್ತಾರ.” ಕೈ ಚಾಚಿ ಗುಂಡಿ ಆರಿಸಿದ. ಫಟ್ಟೆಂದು ಪಂಪು ಕಳಚಿ, ಕೆನ್ನೆಯ ಮೇಲೆ ಕುಂಕುಮದ ಬಣ್ಣದ ದುಂಡನೆಯ ಉಂಗುರ ಉಳಿಯಿತು.

ಭಾಗ್ಯಾ ಮಾವಶಿಯ ಕಣ್ಣು ಪಂಪಿನಿಂದ ಉಂಗುರಕ್ಕೆ, ಉಂಗುರದಿಂದ ಪಂಪಿಗೆ ಓಡಾಡಿದವು. “ದೀಪಾಲಿಗೇನು? ಕಾಳವ್ವಗ ಗೊತ್ತೈತೇನ ಇದು?”

“ನಮ್ಮನಿಗಲ್ರಿ ಮಾವಶಿ! ಶೇತಕಿ ಸಾಹೇಬ್ರ ಮನಿಗೆ. ಅವರ ತರಾಕ ಹೇಳ್ಯಾರ.”

ಶೇತಕಿ ಸಾಹೇಬರೆಂದರೆ ಕಾರ್ಖಾನೆಯ ಕಬ್ಬಿನ ವಿಭಾಗದ ಮುಖ್ಯಸ್ಥ ಜ್ಞಾನದೇವ ಸಾಹೇಬರು. ಗ್ಯಾಸ್ ಸಿಲಿಂಡರಿನಿಂದ ಕೊತ್ತಂಬರಿಯವರೆಗೆ ಅವರ ಮನೆಗೆ ಬೇಕಾದ್ದನ್ನೆಲ್ಲ ದುಂಡೇಶನಂಥ ಹಂಗಾಮಿ ಸೀಜನ್ ನೌಕರರೇ ತಂದುಕೊಡುವುದು ಆ ಕಾರ್ಖಾನೆಯ ರಿವಾಜು. ಅವರ ಹೆಸರು ಹೇಳಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆದರೆ ಭಾಗ್ಯಾ ಮಾವಶಿ ಕಾರ್ಖಾನೆಯ ನೌಕರಳಲ್ಲ.

“ಸಾಹೇಬ್ರ ಮನ್ಯಾಗ ಯಾರಿಗೋ? ಮಗಳು ಮನೀಷಾಗಂತೂ ಇನ್ನೂ ಏಳ ತಿಂಗಳ. ಮೊನ್ನೆರ ಕುಬಸದ ಊಟಾ ಉಂಡ ಬಂದೇನಿ.” ಮಾವಶಿ ಬೆರಳು ಮಡಚಿದಳು, ಬಿಚ್ಚಿದಳು. ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಹಿಡಿದಳು. “ಹಂಗಾದ್ರ… ಸಾಹೇಬ್ರ ಹೆಂಡತಿ? ದ್ರೌಪದಿಬಾಯಿ? ಅದಕ ಅಕಿ ಎಷ್ಟ ದಿನದಿಂದ ಭಿಸಿ ಚೀಟಿ ಕೂಟಕ ಬಂದಿಲ್ಲ! ಮೊಣಕಾಲ ನೋವು ಅಂತಿದ್ಲು! ಈ ವಯಸ್ಸಿನಾಗ!”

ಅಲ್ಲ ಎನ್ನಬೇಕಿತ್ತು. ಅಂದರೆ ‘ಮತ್ತ ಯಾರಿಗೆ?’ ಎಂಬ ಪ್ರಶ್ನೆ ತನ್ನ ಮನೆಗೇ ಬರುತ್ತದೆ. ದುಂಡೇಶ ದುಡ್ಡು ಎಣಿಸಿಟ್ಟು ಪೆಟ್ಟಿಗೆ ಎತ್ತಿಕೊಂಡು ನಡೆದ. ಅವನು ಮಾಡಿದ್ದೆಲ್ಲ ಇಷ್ಟೇ. ಮುಂದಿನದನ್ನೆಲ್ಲ ಮಾವಶಿಯ ಫೋನು ಮಾಡಿತು.

ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಂತು ಫೋನು ತೆಗೆದರೆ ಕಾರ್ಖಾನೆಯ ವಾಟ್ಸಾಪ್ ಗುಂಪಿನ ತುಂಬ ಗುಲಾಬಿ ಹೂವು, ತೊಟ್ಟಿಲು, ಮುಗಿದ ಕೈಗಳು. ಎಲ್ಲಕ್ಕಿಂತ ಮೇಲೆ ಸಹೋದ್ಯೋಗಿ ನಾಮದೇವ ಹಾಕಿದ ಫಲಕ: ‘ನಮ್ಮ ನೆಚ್ಚಿನ ಶೇತಕಿ ಸಾಹೇಬರಿಗೆ ಹಾರ್ದಿಕ ಅಭಿನಂದನೆಗಳು’. ದುಂಡೇಶನ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಅಷ್ಟರಲ್ಲಿ ನಾಮದೇವನದೇ ಫೋನು.

“ಏ ದುಂಡ್ಯಾ, ಇಷ್ಟ ದೊಡ್ಡ ಸುದ್ದಿ ನಮಗ ಹೇಳಲಿಲ್ಲಲ್ಲಲೇ!”

“ನಾಮದೇವ, ಅದನ್ನ ತಗದ ಹಾಕೋ, ನಿನ್ನ ಕೈ ಮುಗೀತೇನಿ. ಅದು ಸುಳ್ಳ ಐತಿ!”

“ಎಲ್ಲೀ ಸುಳ್ಳ? ಓಣಿ ಹೆಂಗಸರೆಲ್ಲಾ ಅಂಟಿನ ಉಂಡಿ, ಕೂಸಿನ ಕುಂಚಗಿ ತಗೊಂಡ ಸಾಹೇಬ್ರ ಮನಿಗೆ ಹೋಗಿದ್ರು. ನಿಮ್ಮವ್ವ ದೀಪಾಲಿಗಂತ ಕಟ್ಟಿದ ಉಂಡಿ ಡಬ್ಬೀನ ಎತಗೊಂಡ ಹೋಗ್ಯಾಳ. ಸಾಹೇಬ್ರ ಸ್ವತಾ ಬಾಗಲ ತಗದ ಹೇಳ್ಯಾರ, ಗಂಡ ಕೂಸ ಹುಟ್ಟೇತಂತ! ಬಾಳಂತಿ ಅಥಣಿ ದವಾಖಾನ್ಯಾಗ ಅದಾಳಂತ!”

ದುಂಡೇಶ ಹೇಳಿದ ಸುಳ್ಳಿಗೆ ಗಂಡುಮಗುವೇ ಹುಟ್ಟಿಬಿಟ್ಟಿತ್ತು.

“ಮತ್ತ ಇನ್ನೊಂದು,” ಎಂದ ನಾಮದೇವ. “ಸಾಹೇಬ್ರು ನಿನ್ನ ಹುಡಕಾಕತ್ತಾರ. ಕಣ್ಣ ಕೆಂಪಗ ಕೆಂಡಾಗ್ಯಾವು. ಜೀಪ್ ತಗೊಂಡ ನಿಮ್ಮನಿಗೇ ಹೋದ್ರು.”

ಈ ಸೀಜನ್ ಮುಗಿದರೆ ದುಂಡೇಶನನ್ನು ಕಾಯಂ ಮಾಡುವ ಮಾತಿತ್ತು. ಸಹಿ ಹಾಕಬೇಕಾದವರು ಸಾಹೇಬರೇ. ಕೃಷ್ಣೆಯ ಸೇತುವೆಯ ಮೇಲೆ ಬೈಕು ನಿಲ್ಲಿಸಿ, ಸಾಕ್ಷಿಯನ್ನೇ ಹೊಳೆಗೆ ಎಸೆದುಬಿಡಲೇ ಎಂದು ಪೆಟ್ಟಿಗೆ ಎತ್ತಿದ. ಹಸಿದಾಗ ಮುಷ್ಟಿ ಬಿಗಿದು ಅಳುವ ಕೂಸಿನ ಮುಖ ಕಣ್ಣಿಗೆ ಬಂತು. ಕೆಲಸ ಹೋದರೆ ಹೋಗಲಿ, ನಾಳೆ ಕೂಸಿಗೆ ಹಾಲಾದರೂ ಇರಲಿ ಎಂದು ಪೆಟ್ಟಿಗೆಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಆ ಕ್ಷಣದಲ್ಲಿ ಅವನಿಗೆ ತನ್ನ ಮೇಲೆ ತುಸು ಹೆಮ್ಮೆಯೂ ಆಯಿತು.

ಮನೆಯ ಮುಂದೆ ಜೀಪು ನಿಂತಿತ್ತು. ಕಟ್ಟೆಯ ತುಂಬ ಹೆಂಗಸರು. ಅಳಿಯನ ಕಾರಿನಲ್ಲಿ ಅವನಿಗಿಂತ ಮೊದಲೇ ಬಂದಿಳಿದಿದ್ದ ಭಾಗ್ಯಾ ಮಾವಶಿ ಎಲ್ಲರಿಗಿಂತ ಮುಂದೆ. ದುಂಡೇಶ ಒಳಗೆ ಕಾಲಿಟ್ಟವನೇ ಸಾಹೇಬರ ಕಾಲಿಗೆ ಬಿದ್ದ.

“ತಪ್ಪಾತ್ರೀ ಸಾಹೇಬ್ರ! ಬಾಯಿ ತಪ್ಪಿ ಹೇಳೇನ್ರಿ!”

ಸಾಹೇಬರು ಅವನನ್ನು ಎತ್ತಿ ತಬ್ಬಿಕೊಂಡರು. ಅವರ ಕೆಂಪು ಕಣ್ಣು ಸಿಟ್ಟಿನದಾಗಿರಲಿಲ್ಲ, ಅತ್ತು ಕೆಂಪಾಗಿತ್ತು.

“ತಪ್ಪ ಎಲ್ಲೀದಪಾ? ದೇವರ ಬಂದಂಗ ಬಂದಿ. ನಮ್ಮ ಮನೀಷಾಗ ನಸಕಿನ್ಯಾಗ ಒಮ್ಮಿಗೆಲೆ ಬ್ಯಾನಿ ಚಾಲೂ ಆದ್ವು. ದಿನಾ ತುಂಬೂ ಮೊದಲ ಹುಟ್ಟೇತಿ ಕೂಸು, ಅಂಗೈಯಷ್ಟ ಐತಿ. ಗಾಜಿನ ಪೆಟಗ್ಯಾಗ ಇಟ್ಟಾರ. ಅದಕ ಎದಿ ಚೀಪಾಕ ಶಕ್ತಿ ಇಲ್ಲ, ತಾಯಿ ಹಾಲ ಪಂಪ್ಲೆ ತಗದ ನಳಿಗುಂಟ ಹಾಕಬೇಕ ಅಂದಾರ ಡಾಕ್ಟರ. ಭಾನುವಾರ, ಅಡ್ಡಾಡಿ ಅಡ್ಡಾಡಿ ಸಾಕಾತು, ಪಂಪ್ ಸಿಗಲಿಲ್ಲ. ಅರಿವಿ ಒಯ್ಯಾಕಂತ ಮನಿಗೆ ಬಂದ್ರ ಈ ಅಕ್ಕತಂಗ್ಯಾರು ಬಾಗಲದಾಗ ನಿಂತಾರ. ನಿಮ್ಮ ದುಂಡೇಶ ಆಗಲೇ ಪಂಪ್ ತರಾಕ ನಿಪ್ಪಾಣಿಗೆ ಹೋಗ್ಯಾನ ಅಂದ್ರು. ನಾನಿನ್ನೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ನಿನಗ ಹೆಂಗ ಗೊತ್ತಾತೋ?”

ದ್ರೌಪದಿಬಾಯಿಯ ಬಾಣಂತನಕ್ಕೆಂದು ಉಂಡಿ ಒಯ್ದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚೇತರಿಸಿಕೊಂಡವಳು ಭಾಗ್ಯಾ ಮಾವಶಿ.

“ನಾ ಆವಾಗ ಅಂದ್ನೆಲ್ಲಾ, ಮನೀಷಾಂದ ಇರಬೇಕಂತ!”

ಸಾಹೇಬರು ಕೈ ಚಾಚಿದರು. ದುಂಡೇಶ ಬಾಗಿಲ ಕಡೆ ನೋಡಿದ. ಅಲ್ಲಿ ದೀಪಾಲಿ ಕೂಸನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಗಾಜಿನ ಪೆಟ್ಟಿಗೆಯ ಮಾತು ಕೇಳಿ ಅವಳ ಕಣ್ಣೂ ತುಂಬಿತ್ತು. ಒಂದು ಗಳಿಗೆ ಗಂಡನನ್ನು ದಿಟ್ಟಿಸಿ, ಕೊಡು ಎಂದು ತಲೆಯಾಡಿಸಿದಳು. ದುಂಡೇಶ ಅಂಗಿಯೊಳಗಿನಿಂದ ಪೆಟ್ಟಿಗೆ ತೆಗೆದು ಕೊಟ್ಟ. ಜೀಪು ಧೂಳೆಬ್ಬಿಸಿ ಅಥಣಿಯ ದಾರಿ ಹಿಡಿಯಿತು.

ಹೆಂಗಸರು ಕರಗಿದ ಮೇಲೆ ಕಾಳವ್ವ ಸೊಂಟದ ಮೇಲೆ ಕೈಯಿಟ್ಟು ಮಗನ ಮುಂದೆ ನಿಂತಳು.

“ಕೇಳಿದಿಲ್ಲೋ? ಡಾಕ್ಟರ ಹೇಳ್ಯಾರಂತ. ಸಾಹೇಬ್ರ ಮನ್ಯಾಗ ನಡಿಯೂದು ನಮ್ಮನ್ಯಾಗ ಯಾಕ ನಡಿಯಂಗಿಲ್ಲ? ನಿಪ್ಪಾಣಿತನಾ ಹೋದಾಂವಗ ಹೆಂಡತಿಗೊಂದ ತರಾಕ ಏನಾಗಿತ್ತು ದಾಡಿ? ನಾಳೆ ಕೂಸಿನ ಗತಿ ಏನು? ಬರೇ ಸಾಹೇಬ್ರ ಚಾಕರಿ ಮಾಡಕೋತ ಹೋಗತಾನ, ಮನಿ ಮಕ್ಕಳ ಖಬರ ಇಲ್ಲ!”

ದುಂಡೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಅವ್ವಾ, ನೀನ ಅಲ್ಲೇನ ಬೇ, ಹೊಸ್ತಿಲಾ ದಾಟಬಾರದ ಅಂದಾಕಿ?”

“ನಾ ನೂರ ಅಂತೇನಿ. ಓದಿದಾಂವಾ ನಿನಗ ಬುದ್ಧಿ ಬ್ಯಾಡಾ?” ಎಂದು ಖಾಲಿ ಉಂಡಿ ಡಬ್ಬಿ ಕುಕ್ಕಿ ಆಕೆ ಒಳಗೆ ಹೋದಳು.

ದೀಪಾಲಿ ಗಂಡನ ಕೆನ್ನೆಯ ಉಂಗುರವನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು, ಮಡಚಿಟ್ಟ ಖಾಕಿ ಅಂಗಿಯನ್ನು ಮೊಳೆಗೆ ತೂಗುಹಾಕಿದಳು.

“ನಾಳೆ ನೀವು ರಜಾ ಹಾಕ್ರಿ. ಕೂಸಿನ ಎತಗೊಂಡ ನನ್ನ ಬಸ್ಸಿನಾಗ ಕುಂದರ್ರಿ. ಬಸ್ ನಿಂತಲ್ಲೆ ನಾ ಹಾಲ ಕುಡಸ್ತೇನಿ. ಪಂಪ್ ಬರೂತನಾ ದಿನಾ ಹಿಂಗ.”

ಸೋಮವಾರ ಬೆಳಿಗ್ಗೆ ಅಥಣಿ ಬಸ್ಸು ಕಿಕ್ಕಿರಿದಿತ್ತು. ಆಸ್ಪತ್ರೆಯಲ್ಲಿರುವ ಸಾಹೇಬರ ಮೊಮ್ಮಗನ ದರ್ಶನಕ್ಕೆಂದು ಅರ್ಧ ಓಣಿಯೇ ಹತ್ತಿತ್ತು. ಮೂವರ ಸೀಟಿನ ನಡುವೆ, ಭಾಗ್ಯಾ ಮಾವಶಿಗೂ ಇನ್ನೊಬ್ಬ ಅಜ್ಜಿಗೂ ಮಧ್ಯೆ ದುಂಡೇಶ ಕೂತಿದ್ದ. ತೊಡೆಯ ಮೇಲೆ ಕೂಸು, ಹೆಗಲಿಗೆ ಲಂಗೋಟಿ ಚೀಲ, ಕೆನ್ನೆಯ ಮೇಲೆ ಇನ್ನೂ ಆರದ ಕೆಂಪು ಉಂಗುರ. ಬಸ್ಸಿನ ಕಣ್ಣೆಲ್ಲ ಅಲ್ಲೇ ಇತ್ತು. ಕಿಸೆಯಲ್ಲಿ ಫೋನು ಟಿಣ್ಣೆಂದಿತು: ‘ನಿಮ್ಮ ಪಾರ್ಸೆಲ್ ಇಂದು ತಲುಪಲಿದೆ’.

ದೀಪಾಲಿ ಟಿಕೆಟ್ ಯಂತ್ರ ಹಿಡಿದು ಬಂದಳು. ಮಾವಶಿಗೆ ಉಚಿತ ಚೀಟಿ ಹರಿದು ಕೊಟ್ಟಳು, ಅಜ್ಜಿಗೂ ಕೊಟ್ಟಳು. ಗಂಡನ ಮುಂದೆ ನಿಂತು, ಪರಿಚಯವೇ ಇಲ್ಲದವಳ ಹಾಗೆ ಕೈ ಚಾಚಿದಳು.

“ಚಿಲ್ಲರ ಕೊಡ್ರಿ. ನಮಗಷ್ಟ ಪುಕ್ಕಟ, ಗಂಡಸರಿಗಿಲ್ಲ.”