ಬಾಳಕೃಷ್ಣ ಮಾಸ್ತರರ ಪರದೇಶಿ ಟಪಾಲು

ಬೆಳಿಗ್ಗೆ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಫೋನು ಬಂತು. ಪರದೇಶಿ ಪತ್ರಗಳ ಬಗ್ಗೆ ನಿಮ್ಮ ಮೇಲೆ ಅರ್ಜಿ ಬಂದಿದೆ, ನಾಲ್ಕಕ್ಕೆ ಬರಬೇಕು. ಬಾಳಕೃಷ್ಣ ಮಾಸ್ತರರ ಕೈಯಲ್ಲಿದ್ದ ಅವಲಕ್ಕಿಯ ಚಮಚ ಬಾಯಿಯ ದಾರಿ ಮರೆತು ನಿಂತಿತು.

ಗೋಕುಲ ರಸ್ತೆಯ ಹಿಂದಿನ ಶಾಲೆಯಲ್ಲಿ ಐದನೆಯ ತರಗತಿಯ ಮಕ್ಕಳು ಮನೆಯ ಹಿರಿಯರಿಗೆ ಅಕ್ಷರ ಕಲಿಸಿ, ಅವರೊಡನೆ ಕೂತು ಒಂದು ಪತ್ರ ಬರೆಯಬೇಕೆಂದು ಶುರು ಮಾಡಿದ್ದು ಅವರೇ. ಮೊದಲ ಪತ್ರಗಳು ಧಾರವಾಡದ ಶಾಲೆಯೊಂದಕ್ಕೆ ಹೋದವು. ಸುದ್ದಿ ಹಬ್ಬುತ್ತ ಹಬ್ಬುತ್ತ ಈಗ ಕೀನ್ಯಾ, ಜಪಾನ್, ಪೆರು ಎಂದು ಹತ್ತೊಂಬತ್ತು ದೇಶಗಳ ಮಕ್ಕಳು ಉತ್ತರ ಬರೆಯುತ್ತಿದ್ದರು. ವಿಚಾರಣೆ ಶುರುವಾದರೆ ಎಲ್ಲವೂ ಬಂದ್.

ಅರ್ಜಿ ಬರೆದವರು ಯಾರೆಂದು ತಿಳಿದರೆ ಕೈಕಾಲು ಹಿಡಿದು ಅದನ್ನು ಹಿಂದಕ್ಕೆ ತೆಗೆಸಬಹುದು. ಮಾಸ್ತರರು ಓದಿದ್ದು ಬಿ.ಎಸ್‌ಸಿ. ಅನುಮಾನದವರ ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಪರೀಕ್ಷಿಸಿ ಹೊಡೆದುಹಾಕಲು ಹೊರಟರು.

ಮೊದಲನೆಯವರು ಕೆಳಗಿನ ಮನೆಯ ಶಾಂತಯ್ಯ. ಪರದೇಶಿ ಲಕೋಟೆಗಳನ್ನು ಬಿಸಿಲಿಗೆ ಹಿಡಿದು ನೋಡುವ ಚಾಳಿ ಅವರದು.

"ಅರ್ಜಿ ಬರಿಯೂದಾಗಿದ್ರ, ನಿಮ್ಮ ಸ್ಕೂಟರ್ ನನ್ನ ಗೇಟಿಗೆ ಅಡ್ಡ ನಿಲ್ಲಸ್ತೀರಲ್ಲ, ಅದರ ಮ್ಯಾಲೆ ಬರೀತಿದ್ನಿ" ಎಂದರು ಶಾಂತಯ್ಯ. "ನೆನಪು ಮಾಡಿದ್ದು ಛಲೋ ಆತು ಬಿಡ್ರಿ."

ಎರಡನೆಯವನು ಟಪಾಲಿನ ಖಾಜಾಸಾಬ. ಸುತ್ತಿ ಬಳಸಿ ಕೇಳಿದ್ದು ಅವನಿಗೆ ನೇರವಾಗಿಯೇ ನಾಟಿತು. ಹತ್ತೊಂಬತ್ತು ದೇಶ ಹೊತ್ತು ಮೂರು ಮಾಳಿಗೆ ಹತ್ತಿದ್ದಕ್ಕೆ ಇದೇ ಬಹುಮಾನವಾದರೆ, ನಾಳೆಯಿಂದ ಪೋಸ್ಟ್ ಆಫೀಸಿಗೆ ನೀವೇ ಬನ್ನಿ ಎಂದು ಹೇಳಿ ಹೋದ.

ಮೂರನೆಯವರು ಶಾಲೆಯ ಇಂದು ಎಂಬ ಟೀಚರು. ನಾಲ್ಕಕ್ಕೆ ಅರ್ಜಿಯೊಡನೆ ಹೋಲಿಸಿ ನೋಡಲು ಮಾಸ್ತರರಿಗೆ ಅವರ ಅಕ್ಷರದ ಮಾದರಿ ಬೇಕಾಗಿತ್ತು. ಸುಮ್ಮನೆ ಒಂದು ರಜೆಚೀಟಿ ಬರೆಯಿರಿ ಎಂದರು. ಟೀಚರು ಬರೆದರು, ಕೊಟ್ಟರು, ಮನೆಗೇ ಹೋದರು. ಅವರ ತರಗತಿಯೂ ಮಾಸ್ತರರ ಕೊರಳಿಗೆ ಬಿತ್ತು.

ಮಧ್ಯಾಹ್ನ ಬಿಸಿಯೂಟದ ಯಂಕವ್ವ ತಟ್ಟೆಗೆ ಸಾರು ಹಾಕುತ್ತ ಕೇಳಿದಳು. ಅವಳ ಮೊಮ್ಮಗಳು ಇವರದೇ ತರಗತಿ.

"ಯಾರ ಮ್ಯಾಲೆ ಸಂಶೇ ಐತ್ರಿ ಸರ?"

ಹಾಜರಿ ಪುಸ್ತಕದಲ್ಲಿ ತಿಂಗಳಿಡೀ ಹೆಬ್ಬೆಟ್ಟು ಒತ್ತುವವಳು ಅವಳು. ಮಾಸ್ತರರು ನಿಟ್ಟುಸಿರಿಟ್ಟರು. "ನಿನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಾರ ಮ್ಯಾಲೂ ಅದ ಯಂಕವ್ವಾ."

ಯಂಕವ್ವ ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ನಾಲ್ಕಕ್ಕೆ ಅಧಿಕಾರಿ ದಾಕ್ಷಾಯಿಣಿ ಮೇಡಂ ಅರ್ಜಿಯನ್ನು ಮುಂದೆ ಸರಿಸಿದರು. "ಹೆಸರಿಲ್ಲದ ಅರ್ಜಿ ನಾವು ಓದೂದೂ ಇಲ್ರಿ, ಬುಟ್ಟಿಗೆ ಹೋಗತಾವ. ಇದರಾಗ ಹೆಸರು, ಮನಿ ನಂಬರು, ಪಿನ್ ಕೋಡ್, ತಾರೀಖು ಎಲ್ಲಾ ಅದಾವ. ವಿಚಾರಣಿ ಮಾಡಲೇಬೇಕು. ಅಲ್ಲೀತನಕ ಪತ್ರ ಬಂದ್."

ಹಾಳೆ ಹರಿಯುವಂತೆ ಒತ್ತಿ ಬರೆದ ದುಂಡನೆಯ ಅಕ್ಷರಗಳು: 'ಪರದೇಶದವರು ನಿಮ್ಮ ಮನಿಯಾಗ ಎಷ್ಟು ಮಂದಿ, ಏನ್ ಅಡಗಿ ಅಂತ ಕೇಳತಾರ. ಅವರಿಗೆ ಯಾಕ ಬೇಕ?' ಕೆಳಗೆ ಹೆಬ್ಬೆಟ್ಟಲ್ಲ, ಯಂಕವ್ವ ಎಂದು ಪೂರ್ತಿ ಸಹಿ.

ಪತ್ರದ ಕೊನೆಗೆ ಹೆಸರು, ಮನೆ ನಂಬರು, ಪಿನ್ ಕೋಡ್, ತಾರೀಖು ಇರಲೇಬೇಕೆಂದು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಹತ್ತು ಸಲ ಹೇಳಿಸಿ, ಮನೆಯ ಹಿರಿಯರಿಗೂ ಕಲಿಸಿರೆಂದವರು ಮಾಸ್ತರರೇ.

"ಇಷ್ಟು ಪದ್ಧತಿಶೀರ ಅರ್ಜಿ ನಾ ನೋಡೇ ಇಲ್ಲ" ಎಂದರು ಮೇಡಂ. "ಯಾರು ಕಲಿಸ್ಯಾರೋ."

ಮಾಸ್ತರರು ಅಲ್ಲೇ ಸಮಜಾಯಿಷಿ ಬರೆದು ಕೊಟ್ಟರು. ಮೇಡಂ ಅದನ್ನು ಮೇಲಿಂದ ಕೆಳಗೆ ನೋಡಿ ವಾಪಸು ಕೊಟ್ಟರು.

"ತಾರೀಖು ಎಲ್ಲಿ ಅದ ರೀ?"